ಮೊಣಕೈವರೆಗೆ

ಯಾರನ್ನಾದರೂ ಕೆಲಸದಿಂದ ತೆಗೆಯುವಾಗ ಹೇಳುವವರೂ ಕೇಳುವವರೂ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳಬೇಕು, ಕೇಳುವವರ ಸಂಕಟ ಹೇಳುವವರಿಗೂ ಹರಿಯಬೇಕು ಎಂಬುದು ಕಾನೂನು. ನಮ್ಮ ಗಾರ್ಮೆಂಟ್ಸ್‌ನಲ್ಲಿ ಆ ಕೆಲಸ ನನ್ನದು. ಉಳಿದ ಸೂಪರ್‌ವೈಸರ್‌ಗಳು ಒಮ್ಮೆ ಕಟ್ಟಿಕೊಂಡರೆ ಎರಡು ದಿನ ಮಲಗುತ್ತಾರೆ. ಗಂಡ ಹೋದ ಮೇಲೆ ನನಗೆ ಏನೂ ತಾಕುವುದಿಲ್ಲ.

ಇವತ್ತು ಕಾಲರ್ ಹೊಲಿಯುವ ಪುಟ್ಟತಾಯಮ್ಮನ ಸರದಿ. ಮ್ಯಾನೇಜರ್ ಕೊಟ್ಟ ಚೀಟಿಯಲ್ಲಿ ‘ತಾತ್ಕಾಲಿಕವಾಗಿ ಕೆಲಸದಿಂದ ಬಿಡುಗಡೆ’ ಎಂದಿತ್ತು. ಹಾಗೆಯೇ ಓದಿದೆ.

“ಮತ್ತೆ ಕರೀತೀರಾ ಮೇಡಂ? ಎದುರ್ಗಡೆ ಫ್ಯಾಕ್ಟ್ರೀಲಿ ಸೇರಿಸ್ಕತಾವ್ರೆ, ಇವತ್ತೇ ಕಡೇ ದಿನ. ನೀವು ಕರೀತೀರಿ ಅಂದ್ರೆ ನಾ ಹೋಗಕಿಲ್ಲ.”

ಕರೆಯುತ್ತೇವೆ ಎನ್ನಬೇಕೆಂದು ಮ್ಯಾನೇಜರ್ ಹೇಳಿದ್ದರು. ಪಟ್ಟಿಯ ಕೆಳಗೆ ಸಣ್ಣಗೆ ಉರಿಯತೊಡಗಿತು.

“ಕರೆಯಲ್ಲ ಪುಟ್ಟತಾಯಮ್ಮ. ನಿಮ್ಮ ಲೈನೇ ಮುಚ್ತಿದ್ದಾರೆ. ಈಗಲೇ ಹೋಗಿ ಸೇರ್ಕೊಳ್ಳಿ.”

ಉರಿ ಮೇಲೇರಿತು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

“ನಿಮ್ಗೇನೂ ತಾಕಕಿಲ್ಲ ಅಂತಾರಲ್ಲ, ದಿಟವಾ?”

“ಇವತ್ತು ಮೊಣಕೈವರೆಗೆ ಬಂತು.”

“ಅಷ್ಟಾದ್ರೂ ಬಂತಲ್ಲ ತಾಯಿ,” ಎಂದಳು. ತನ್ನ ಪಟ್ಟಿ ಬಿಚ್ಚಿ, ನನ್ನದನ್ನೂ ತಾನೇ ಬಿಚ್ಚಿ, ಎರಡನ್ನೂ ಸುತ್ತಿ ಮೇಜಿನ ಮೇಲಿಟ್ಟು ಎದುರಿನ ಫ್ಯಾಕ್ಟರಿಗೆ ಹೊರಟಳು.