ಮೋಡದ ಮಂದೆಗೆ ನೋಟಿಸು

ಮೋಡಗಳು ತಾವಾಗಿ ಬರುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಮಳೆ ಬೇಕೆಂದರೆ ಮೋಡ ಕಾಯುವವರೇ ಅವನ್ನು ಹೊಡೆದುಕೊಂಡು ಬರಬೇಕು. ಕೆರೆ ತುಂಬುವವರೆಗೆ ಪುರಸಭೆಗೆ ಒಂದು ದೂರೂ ಬರಲಿಲ್ಲ. ತುಂಬಿದ ಮರುದಿನವೇ ಊರವರು ಆರೋಗ್ಯ ನಿರೀಕ್ಷಕ ಗುದ್ಲೆಪ್ಪನ ತಲೆ ತಿಂದರು: ಸಂತೆ ಮೈದಾನದಿಂದ ಮೋಡ ಕಾಯುವವರ ಬಿಡಾರ ಎಬ್ಬಿಸಿ, ಮಾಳಿಗೆಯ ಮೇಲೆ ಹಪ್ಪಳ ಒಣಗುತ್ತಿಲ್ಲ.

ಅವನು ನೋಟಿಸು ಹಿಡಿದು ಹೋದಾಗ ಬಿಡಾರದ ಹಿರಿಯಳಾದ ಮುದುಕಿ ಬಾಳವ್ವ ರೊಟ್ಟಿ ಬೇಯಿಸುತ್ತಿದ್ದಳು. ಗೂಟಕ್ಕೆ ಕಟ್ಟಿದ ಮೋಡಗಳು ಮೈದಾನದ ಮೇಲೆ ಮೆಲ್ಲಗೆ ಹನಿಯುತ್ತಿದ್ದವು.

“ಪರವಾನಗಿ ಇಲ್ದ ಇಲ್ಲಿ ಬಿಡಾರ ಹೂಡೂಹಂಗಿಲ್ಲ ಯವ್ವಾ. ಹೋದ ವರ್ಷನೂ ಹೇಳಿದ್ದೆ.”

“ಹೋದ ವರ್ಷನೂ ಕರದಾವ್ರು ನೀವ ಅಲ್ರಿ, ಸಾಹೇಬ್ರ? ಇದೊಂದು ರೊಟ್ಟಿ ಬೇಯ್ಲಿ, ಹೊಂಡ್ತೀವಿ.”

ಮಾತು ನಿಜವಾದ್ದರಿಂದಲೇ ಗುದ್ಲೆಪ್ಪನ ಪಿತ್ತ ನೆತ್ತಿಗೇರಿತು. ಎಬ್ಬಿಸಿದವರನ್ನು ಊರ ಗಡಿ ದಾಟಿಸಿ ಬರಬೇಕೆಂಬುದು ನಿಯಮ. ಬೈಕಿನಲ್ಲಿ ಮೋಡಗಳ ಹಿಂದೆಯೇ, ಅಂಗಿ ತೋಯಿಸಿಕೊಂಡು, ಗೊಣಗುತ್ತಾ ಹೋದ.

ಗಡಿಕಲ್ಲಿನ ಆಚೆ ಪಕ್ಕದೂರಿನ ನಿರೀಕ್ಷಕ ಹಾರ ಹಿಡಿದು ನಿಂತಿದ್ದ; ಬೆನ್ನ ಹಿಂದೆ ಕೊಡ ಹಿಡಿದ ಊರೇ ಇತ್ತು. ಬಾಳವ್ವನಿಗೆ ಹಾರ ಹಾಕಿ, ಅವಳು ಮುಂದೆ ಹೋದ ಮೇಲೆ, ಅವನು ಕಿಸೆ ಮುಟ್ಟಿಕೊಂಡು ಗುದ್ಲೆಪ್ಪನಿಗೆ ಮೆಲ್ಲಗೆ ಹೇಳಿದ:

“ನೋಟಿಸು ಟೈಪ್ ಮಾಡಿಸೇ ತಂದೀನ್ರಿ. ಕೆರಿ ತುಂಬಿದ ದಿನ ತಾರೀಕು ಹಾಕೂದಷ್ಟ.”