ಗುಡ್ಡದ ಜಾಲಿ ಕಟ್ಟಿಗೆ

ಮರವಾಗಿದ್ದಾಗ ಕೇಳಿದ್ದನ್ನೆಲ್ಲ ಕಟ್ಟಿಗೆ ಒಲೆಯಲ್ಲಿ ಒದರುವ ಕಾಲವದು. ಚಳಿಗಾಲಕ್ಕೆ ಊರೊಳಗಿನ ಮರಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಕೆರೆ ದಂಡೆಯ ಬೇವನ್ನು ಉರಿಸಿದ್ದಕ್ಕೆ ಹೋದ ವರ್ಷ ಎರಡು ಸಂಸಾರ ಒಡೆದಿದ್ದವು.

ಹಾಗಾಗಿ ಕಾಶಪ್ಪ, ಹೆಂಡತಿ ಮಹಾನಂದಾ, ತಾಯಿ ಸುಗಲಾಬಾಯಿ ಮೂವರೂ ಜನರಿಲ್ಲದ ಗುಡ್ಡ ಹತ್ತಿದರು. ಒಣಗಿದ ಜಾಲಿಯೊಂದನ್ನು ಸುಗಲಾಬಾಯಿಯೇ ತೋರಿಸಿದಳು. ಕಾಶಪ್ಪ ಕಡಿದ, ಮಹಾನಂದಾ ಹೊರೆ ಕಟ್ಟಿದಳು, ಎಲ್ಲರೂ ಹೊತ್ತು ತಂದರು.

ಸಂಜೆ ಒಲೆ ಹೊತ್ತಿಸುತ್ತಲೇ ಕಟ್ಟಿಗೆ ಕಿಲಕಿಲ ನಕ್ಕಿತು.

"ಬಿಡ್ರಿ, ಯಾರರೆ ನೋಡ್ಯಾರು!" ಎಂದಿತು, ಹರೆಯದ ಸುಗಲಾಬಾಯಿಯ ದನಿಯಲ್ಲಿ.

"ನೋಡಿದ್ರ ನೋಡ್ಲಿ," ಎಂದಿತು ಅವಳ ತೀರಿಹೋದ ಗಂಡನ ದನಿ.

ಕಾಶಪ್ಪ ನಾಚಿ ಒಲೆ ಆರಿಸಲು ನೀರಿನ ಕೊಡಕ್ಕೆ ಕೈಹಾಕಿದ.

"ಸುಮ್ಮನ ಕೂಡು," ತಾಯಿ ಗದರಿದಳು. "ಹತ್ತು ವರ್ಷದ ಮ್ಯಾಲ ನಿಮ್ಮಪ್ಪನ ದನಿ ಕೇಳಾಕತ್ತೀನಿ. ಇನ್ನೊಂದು ಕಟಗಿ ಇಡು."