ಸಂದು ಬಿಟ್ಟ ಲೇಪ

ಸುವರ್ಣಮ್ಮ ಉಗುರು ತಾಗಿಸಿದ್ದಷ್ಟೇ, ಬಿಳಿ ಲೇಪ ಹಪ್ಪಳದಂತೆ ಎದ್ದು ಅಂಗೈಗೆ ಬಿತ್ತು. ವಿಮಾನದ ಇಂಜಿನ್ನಿನ ಬೆಂಕಿಯಲ್ಲಿ ತಿರುಗುವ, ಬೆರಳುದ್ದದ ಲೋಹದ ರೆಕ್ಕೆಯ ಮೇಲಿನ ಲೇಪವದು. ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ಸಿಂಧು, ಅಲ್ಲಿ ಕುಲುಮೆಯಲ್ಲಿ ಕಾಯಿಸಿ ನೋಡಿದ ಅಂಥ ಎರಡು ರೆಕ್ಕೆಗಳನ್ನು ಕಣಕಟ್ಟೆಯ ಮನೆಗೆ ತಂದಿದ್ದಳು. ಇನ್ನೊಂದರ ಲೇಪ ಎಷ್ಟು ಕೆರೆದರೂ ಅಲ್ಲಾಡಲಿಲ್ಲ.

“ಎರಡಕ್ಕೂ ಒಂದೇ ಪಿಂಗಾಣಿ ಕಣಮ್ಮ,” ಎಂದಳು ಸಿಂಧು. “ಕಿತ್ತು ಬಂತಲ್ಲ, ಅದನ್ನ ಸಂದಿಲ್ದಂಗೆ ಒತ್ತಾಗಿ ಮೆತ್ತಿದ್ವಿ. ಇದಕ್ಕೆ ಪಿಂಗಾಣಿನ ಆವಿ ಮಾಡಿ ಕೂರಿಸಿದ್ದು. ಆವಿ ಸಣ್ಣ ಸಣ್ಣ ಕಂಬವಾಗಿ ನಿಲ್ಲುತ್ತೆ, ನಡುವೆ ಕೂದಲೆಳೆಯಷ್ಟು ಸಂದು ಬಿಡುತ್ತೆ. ಬಿಸಿಗೆ ಲೋಹ ಹಿಗ್ಗಿದಾಗ ಕಂಬಗಳೂ ಜೊತೆಗೇ ಸರೀತವೆ. ಸಂದಿಲ್ದಿದ್ರೆ ಬಿರುಕು ಬಿಟ್ಟು ಎದ್ದೋಗುತ್ತೆ.”

ಅಡುಗೆಮನೆಯಲ್ಲಿ ಸೊಸೆ ಅಕ್ಷತಾ ಪಾತ್ರೆ ಕುಕ್ಕಿದ ಸದ್ದಾಯಿತು. ಮಹಡಿಯ ಮೇಲೆ ಬೇರೆ ಒಲೆ ಹೂಡುತ್ತೇನೆಂದು ಅವಳು ಯುಗಾದಿಯಿಂದ ಕೇಳುತ್ತಿದ್ದಳು. ‘ನಾನಿರೋ ತನಕ ಈ ಮನೇಲಿ ಒಂದೇ ಒಲೆ’ ಎಂದು ಸುವರ್ಣಮ್ಮ ಪಟ್ಟು ಹಿಡಿದಿದ್ದರು.

ಉದುರಿದ ಸಿಪ್ಪೆಯನ್ನು ಅವರು ಬೆರಳಲ್ಲಿ ಹೊರಳಿಸಿ ನೋಡಿ, ಲೇಪ ಗಟ್ಟಿಯಾಗಿ ನಿಂತ ರೆಕ್ಕೆಯ ಪಕ್ಕ ಇಟ್ಟರು. ಆಮೇಲೆ ಎದ್ದು ಹೋಗಿ, ಅಟ್ಟದ ಮೇಲಿದ್ದ ಹೊಸ ಹಾಲಿನ ಪಾತ್ರೆ ಇಳಿಸಿ ಸೊಸೆಯ ಮುಂದಿಟ್ಟರು.

“ಸೋಮವಾರ ಚೆನ್ನಾಗೈತೆ. ಮೇಲೆ ಒಲೆ ಹೂಡ್ಕಳವ್ವ. ಹಾಲುಕ್ಕಿಸೋಕೆ ನಾನೇ ಬತ್ತೀನಿ.”